ಎರಡು ಬೆರಳು ನೊರೆ

ಮತ್ತೆ ನೊರೆ, ಬರೀ ನೊರೆ, ಗ್ಲಾಸಿನ ತಳದಲ್ಲಿ ಒಂದು ಗುಟುಕು ಬಿಯರು, ಉಳಿದದ್ದೆಲ್ಲ ಬೆಳ್ಳಗೆ ಉಬ್ಬಿ ಅಂಚು ದಾಟಿ ಹನಮೇಶನ ಮುಂಗೈ ಮೇಲೆ ಇಳಿಯುತ್ತಿದೆ, ತಣ್ಣಗೆ, ಅಂಟಂಟಾಗಿ — ಎರಡು ಬೆರಳು ನಿಂತರೆ ಸಾಕಲ್ಲ ಮಾರಾಯಾ, ಎರಡೇ ಬೆರಳು, ಅಷ್ಟಕ್ಕೆ ಈ ನಳಕ್ಕೆ ಇಷ್ಟು ಸೊಕ್ಕೇ, ನಿನ್ನೆ ನವಲಿಯ ಭತ್ತದ ಸಾಹುಕಾರ ಗ್ಲಾಸು ಎತ್ತಿ ಬೆಳಕಿಗೆ ಹಿಡಿದು, ಏನೋ ತಮ್ಮಾ, ಬೀರ್ ಕೇಳಿದ್ರ ಹತ್ತಿ ತುಂಬಿ ಕೊಟ್ಟೀಯಲ್ಲ ಅಂದಾಗ ಎಲ್ಲರೂ ನಕ್ಕರು, ಇವನೂ ನಕ್ಕ, ನಗದೆ ಏನು ಮಾಡುವುದು, ಮಾಲೀಕ ಕಳಕಪ್ಪ ಮಾತ್ರ ನಗಲಿಲ್ಲ. ಬಿಯರನ್ನು ಇಲ್ಲೇ ಕುದಿಸಿ, ಇಲ್ಲೇ ಹುದುಗಿಸಿ, ಇಲ್ಲೇ ನಳದಲ್ಲಿ ಬಿಡುವ ಅಂಗಡಿ, ಗಂಗಾವತಿಯಲ್ಲಿ ಇದೇ ಮೊದಲು ಅಂತ ಎದೆಯುಬ್ಬಿಸಿ ತಿರುಗಿದ ಮನುಷ್ಯ, ಇವತ್ತು ಬೆಳಗ್ಗೆ ಬಂದವನೇ, ಸಂಜೀತನಕ ನೋಡ್ತೀನಿ ಹನಮೇಶ, ಸರಿ ಆಗಲಿಲ್ಲಂದ್ರ ನಳಾ ಬಂದ್ ಮಾಡಿ ಬಾಟ್ಲಿ ಇಡ್ತೀನಿ, ನೀ ತಿರಗಿ ಮಿಲ್ಲಿಗಿ ಹೋಗು, ಮಶೀನ್ ಮ್ಯಾಲ ಹಾಕಬ್ಯಾಡ, ಕುಣಿಯಾಕ ಬರದಾಕಿ ನೆಲಾ ಡೊಂಕು ಅಂದ್ಳಂತ, ಅಂದುಬಿಟ್ಟ. ಮಿಲ್ಲು — ಆ ಶಬ್ದ ಕೇಳಿದರೇ ಎದೆಯೊಳಗೆ ತೌಡು ಏಳುತ್ತದೆ, ಅಕ್ಕಿ ಗಿರಣಿಯ ಧೂಳು, ಗೋಡೆಗೆ ಒರಗಿ ಕೂತು ಬೆಳಗಿನತನಕ ಕೆಮ್ಮು, ಹೆಂಡತಿ ಗಂಗಾ ಎದ್ದು ಬಿಸಿನೀರು ಕೊಡುವುದು, ಬೆನ್ನು ತಿಕ್ಕುವುದು, ಬ್ಯಾಡ, ಆ ಮಿಲ್ಲು ಬ್ಯಾಡ. ಮಶೀನ್ ಜೋಡಿಸುವ ದಿನಗಳಲ್ಲೇ ಇಲ್ಲಿಗೆ ಬಂದ ಮೇಲೆ ಕೆಮ್ಮು ಹೋಯಿತು, ಅದರ ಹಿಂದೆಯೇ ಗಂಗಾಳ ಮಾತೂ ಹೋಯಿತು, ಹೆಂಡಾ ಮಾರಾವನ ಹೆಂಡ್ತಿ ಅನ್ನಿಸ್ಕೊಳ್ಳಾಕ ನಮ್ಮಪ್ಪ ನನ್ನ ಕೊಟ್ಟಿಲ್ಲ ಅಂದವಳು ಅಂದಿನಿಂದ ರೊಟ್ಟಿ ಕಟ್ಟಿ ಕೊಡುತ್ತಾಳೆ, ಇವತ್ತ ಹೆಂಗಿತ್ತು ಕೆಲಸ ಅಂತ ಒಂದು ದಿನ ಕೇಳಿಲ್ಲ. ಕೇಳಿದ್ದರೆ ಈ ನೊರೆಯ ಕಥೆ ಅವಳ ಮುಂದಾದರೂ ಹೇಳಿ ಹಗುರಾಗುತ್ತಿದ್ದ.

ಸರಿ, ಮತ್ತೆ ಮೊದಲಿಂದ — ಬಿಸಿಯಾದರೆ ನೊರೆ ಬರುತ್ತದೆ, ಥಂಡಿ ಸರಿಯಾಗೇ ಇದೆ. ಗ್ಯಾಸು ಹೆಚ್ಚಾದರೂ ನೊರೆ, ಮೀಟರಿನ ಮುಳ್ಳು ಇರಬೇಕಾದಲ್ಲೇ ಇದೆ, ಇಳಿಸಿ ನೋಡಿದ, ಏರಿಸಿ ನೋಡಿದ, ನೊರೆ ಅದೇ. ನಳದ ಬಾಯಿ ಬಿಚ್ಚಿ ತೊಳೆದಾಯಿತು. ಗ್ಲಾಸಿಗೆ ಸಬಕಾರ ಉಳಿದಿದ್ದರೆ? ಗ್ಲಾಸು ತೊಳೆಯುವ ಖುರ್ಷಿದಾಳಿಗೆ ಅದನ್ನು ಕೇಳಿದ್ದೇ ತಪ್ಪಾಯಿತು, ನನ್ನ ಗಲಾಸಿನ್ಯಾಗ ಮಾರಿ ನೋಡ್ಕೊಂಡು ಗಡ್ಡಾ ಕೆರಕೋ ಭಾಯಿ, ಅಷ್ಟ ಸಾಫ್ ಅದಾವ ಅಂದಳು. ಉಳಿದದ್ದು ಪೈಪು, ಪೀಪಾಯಿಯಿಂದ ಗೋಡೆ ತೂರಿ ನಳಕ್ಕೆ ಬರುವ ಮೆತ್ತನೆ ಪೈಪು, ಒಳಗೆ ತೊಳೆದದ್ದೇ, ಆದರೆ ಪೀಪಾಯಿಗಳ ಹಿಂದಿನ ಮೂಲೆಯಲ್ಲಿ ಹೊರಗಿನಿಂದ ಯಾರು ನೋಡಿದ್ದಾರೆ, ಥಂಡಿ ಕೋಣೆಯಲ್ಲಿ ಮಂಡಿಯೂರಿ, ಭುಜ ಗೋಡೆಗೆ ಒತ್ತಿ, ತಡವುತ್ತಾ ಹೋಗುತ್ತಾನೆ — ನುಣುಪು, ನುಣುಪು, ನೀರಿನ ಹನಿ, ನುಣುಪು, ಆಮೇಲೆ ಗಂಟು. ಗಂಟು? ಮೊಬೈಲಿನ ಬೆಳಕು ಹಿಡಿದರೆ ಹಳದಿ ದಾರ, ಅರಿಶಿನದಲ್ಲಿ ಅದ್ದಿದ್ದು, ಹುಲಿಗೆಮ್ಮನ ಗುಡಿಯಿಂದ ಹೆಂಗಸರು ತಂದು ಮಕ್ಕಳ ಕೈಗೆ ಕಟ್ಟುತ್ತಾರಲ್ಲ ಅಂಥದ್ದು, ಸುತ್ತಿನ ಮೇಲೆ ಸುತ್ತು, ಕಟ್ಟಿದಾಗ ಸಡಿಲವೇ ಇದ್ದಿರಬೇಕು, ನೂಲಿನ ದಾರ ಥಂಡಿ ಕೋಣೆಯ ನೀರು ಕುಡಿದು ದಿನದಿಂದ ದಿನಕ್ಕೆ ಬಿಗಿದು ಪೈಪಿನ ಕುತ್ತಿಗೆ ಹಿಸುಕಿದೆ, ಅಷ್ಟು ಇಕ್ಕಟ್ಟಿನಲ್ಲಿ ನುಗ್ಗಿ ಬಂದ ಬಿಯರು ನೊರೆಯಾಗದೆ ಇನ್ನೇನಾದೀತು. ಯಾವ ಬುದ್ಧಿಗೇಡಿ, ಯಾವನ ಕೆಲಸ ಇದು, ಕೂಗಿಯೇಬಿಟ್ಟ, ಬಾಗಿಲಲ್ಲಿ ಖುರ್ಷಿದಾ ಸೆರಗಿಗೆ ಕೈ ಒರೆಸುತ್ತಾ ನಿಂತಿದ್ದಾಳೆ, ಬೈಬ್ಯಾಡ ಭಾಯಿ, ನಿನ್ನ ಮನಿಯಾಕಿನ ಕಟ್ಯಾಳ, ಮಶೀನ್ ಪೂಜಿ ದಿನ, ಹೊಸಾದಕ್ಕ ದೃಷ್ಟಿ ಆಗತೈತಿ ಒಳಗ ಕರ್ಕೊಂಡು ಹೋಗ್ರಿ ಅಂದ್ಳು, ಅವ್ರಿಗೆ ಹೇಳಬ್ಯಾಡ್ರಿ ಅಂತನೂ ಅಂದ್ಳು. ಗಂಗಾ? ಅವತ್ತು ಗೇಟಿನ ಹತ್ತಿರ ನಿಂತಿದ್ದಳು, ಪೆಂಡಾಲಿನೊಳಗೆ ಬರಲಿಲ್ಲ, ನೀರು ಕೊಟ್ಟರೂ ಕುಡಿಯಲಿಲ್ಲ, ಹೀಗೆ ಮಾನ ಕಳೆಯೋದಾದರೆ ಯಾಕೆ ಬಂದಳೋ ಎಂದು ಇವನು ಒಳಗೊಳಗೇ ಕುದ್ದದ್ದು — ಆ ಗಂಗಾ, ಈ ಮೂಲೆಯಲ್ಲಿ, ರೇಷ್ಮೆ ಸೀರೆ ಒದ್ದೆ ಮಾಡಿಕೊಂಡು.

ಉಗುರಿಗೆ ಸಿಗುವುದಿಲ್ಲ, ಎಳೆದರೆ ಇನ್ನೂ ಬಿಗಿ, ಕತ್ತರಿ ಇದೆ ಜೇಬಿನಲ್ಲಿ, ಕತ್ತರಿಸಲು ಮನಸ್ಸು ಬಾರದು, ಕೊನೆಗೆ ಹಲ್ಲಿನಿಂದ ಕಚ್ಚಿ ಬಿಚ್ಚಿದ, ಬಾಯಿಗೆ ಅರಿಶಿನದ ಕಹಿ. ಹೋಗಿ ನಳ ತಿರುಗಿಸಿದರೆ ಮೊದಲು ಒಂದಿಷ್ಟು ಉಗುಳಿತು, ಕೆಮ್ಮಿತು, ಆಮೇಲೆ ಸದ್ದಿಲ್ಲದೆ, ಜೇನಿನ ಬಣ್ಣದ್ದು, ಗ್ಲಾಸಿನ ಬದಿ ಹಿಡಿದು ಇಳಿಯತೊಡಗಿತು, ಮೇಲೆ ನೊರೆ, ಕಳಕಪ್ಪ ಬಂದು ಬೆರಳಿಟ್ಟು ಅಳೆದ, ಎರಡು, ಮತ್ತೊಂದು ಗ್ಲಾಸು ಹಿಡಿಸಿದ, ಎರಡು, ಬಾಟ್ಲಿ ತರಾಕ ಹೊಂಟಾವರಿಗೆ ಬ್ಯಾಡಂತ ಹೇಳ್ರಿ ಅಂತ ಅಡುಗೆಮನೆಯ ಕಡೆ ಕೂಗಿದ, ಇವನ ಕಡೆ ನೋಡಲಿಲ್ಲ, ನೋಡಿದರೆ ಹೊಗಳಬೇಕಾಗುತ್ತದಲ್ಲ. ಹನಮೇಶ ಮನೆಗೆ ಫೋನ್ ಹಚ್ಚಿದ, ಆ ಕಡೆ ಎಮ್ಮೆಯ ಸದ್ದು, ಏನು ಅಂದಳು ಗಂಗಾ, ಬರೀ ಏನು, ಪೈಪಿಗಿ ದಾರಾ ನೀನ ಕಟ್ಟಿದ್ದೇನ ಅಂದ, ಹೆಂಡದಂಗಡಿ ಆಗಂಗಿಲ್ಲ ಅಂದಾಕಿ ಅದಕ್ಕ ಯಾಕ ದೃಷ್ಟಿ ತೆಗದಿ, ಎಮ್ಮೆ ಮತ್ತೊಮ್ಮೆ ಕೂಗಿತು, ಅಂಗಡಿಗಲ್ಲ, ಅಂದಳು, ನೀ ಈಗ ಕೆಮ್ಮದ ಮಲಗ್ತಿ, ಅದಕ್ಕ ಯಾರ ಕಣ್ಣೂ ಬೀಳಬಾರದಂತ ಕಟ್ಟೀನಿ. ಬಿಚ್ಚಿದೇನು? ಅವಳ ದನಿಯಲ್ಲಿ ಹೆದರಿಕೆ, ಒಗದಿಲ್ಲ, ಗ್ಯಾಸಿನ ಕಬ್ಬಿಣದ ಸಿಲಿಂಡರಿಗೆ ಕಟ್ತೀನಿ, ಅದು ಎಷ್ಟ ಬಿಗಿದ್ರೂ ಏನೂ ಆಗಂಗಿಲ್ಲ ಅನ್ನಬೇಕೆಂದು ಬಾಯಿ ತೆರೆದ, ಕಣ್ಣು ತುಂಬಿ ಬಂತು, ಅಂಗೈಯಲ್ಲಿ ದಾರ, ಒದ್ದೆ, ಹಳದಿ, ಅವಳು ಕಟ್ಟಿದ ಕಡೆಯಲ್ಲೆಲ್ಲ ಡೊಂಕಾಗಿಯೇ ಉಳಿದದ್ದು — ದಾರ, ಒದ್ದೆ ಹಳದಿ ದಾರ.