ಅಣ್ಣನಿಗೆ ಹೇಳದೆ ಉಳಿದ ಮಾತು

"ಕಿವಿಗೆ ಕೇಳಿಸಿದ್ದು ಬಾಯಿಗೆ ಯಾಕೆ ಬರಲಿಲ್ಲ?"

ಸೈಕಲ್ ಅಂಗಡಿಯವನು ಇದನ್ನು ಯಾರನ್ನೂ ಕೇಳಿದ್ದಲ್ಲ. ಎದುರಿಗಿದ್ದದ್ದು ಗೋಡೆಯ ಮೊಳೆಗೆ ತೂಗುಹಾಕಿದ ಮುರಿದ ಫೋರ್ಕ್ ಮಾತ್ರ. ಮುಂದಿನ ಚಕ್ರವನ್ನು ಹಿಡಿದಿಡುವ ಆ ಎರಡು ಕಾಲುಗಳಲ್ಲಿ ಒಂದು ಅರ್ಧಕ್ಕೇ ತುಂಡಾಗಿತ್ತು. ಒಳಗೆಲ್ಲ ತುಕ್ಕು.

ಅದು ಅಪ್ಪನ ಸೈಕಲ್ಲಿನದು. ಹೋದ ವರ್ಷ ಅವನ ದರ್ಜಿ ಅಣ್ಣ ಆ ಸೈಕಲ್ಲನ್ನು ತಳ್ಳಿಕೊಂಡು ಬಂದಿದ್ದ.

"ಹೊಲಿದ ಬಟ್ಟೆ ಮುಟ್ಟಿಸೋಕೆ ಏರು ಹತ್ತಬೇಕು ಕಣೋ. ಮಂಡಿ ಕೈಕೊಟ್ಟಿದೆ. ಇದಕ್ಕೊಂದು ಕರೆಂಟ್ ಮೋಟರ್ ಹಾಕು."

ಅಂಗಡಿಯವನು ಸ್ಪ್ಯಾನರಿನಿಂದ ಫೋರ್ಕನ್ನು ತಟ್ಟಿದ. ಗಟ್ಟಿ ಉಕ್ಕು 'ಟಣ್' ಎನ್ನುತ್ತದೆ. ಇದು 'ಟಪ್' ಎಂದಿತು.

"ಅಣ್ಣ, ಇದು ಯಾಕೋ..."

"ನಾನು ಹೇಳ್ತಿದ್ದೀನಲ್ಲ, ಹಾಕು."

ಹಾಕಿದ. ಅಣ್ಣನ ಮಾತಿಗೆ ಅವನು ಎಂದೂ ಎದುರಾಡಿದವನಲ್ಲ. ಮೂರನೆಯ ವಾರ ಇಳಿಜಾರಿನಲ್ಲಿ ಫೋರ್ಕ್ ಮುರಿಯಿತು. ಅಣ್ಣ ಬಿದ್ದು ಬಲಗೈ ಮಣಿಕಟ್ಟು ಮುರಿದುಕೊಂಡ. ಮೂಳೆಯೇನೋ ಕೂಡಿಕೊಂಡಿತು. ಕತ್ತರಿ ಹಿಡಿಯುವ ಬಲ ಮಾತ್ರ ಮರಳಲಿಲ್ಲ.

ಈಗ ಬಟ್ಟೆ ಕತ್ತರಿಸುವವಳೂ ಅತ್ತಿಗೆ, ಹೊಲಿಯುವವಳೂ ಅತ್ತಿಗೆ, ಮುಟ್ಟಿಸುವವಳೂ ಅತ್ತಿಗೆಯೇ. ಇವತ್ತು ಅವಳೇ ಅಂಗಡಿಯ ಮುಂದೆ ಬಂದು ನಿಂತಳು. ಕೈಯಲ್ಲಿ ಅದೇ ಸೈಕಲ್, ಅದರ ಮೈಗೆಲ್ಲ ಹೊಸ ಹಸಿರು ಬಣ್ಣ. ಹಿಂದೆ ಅಣ್ಣ.

"ಹೊಸ ಫೋರ್ಕ್ ಹಾಕಿಸಿ ತಂದಿದ್ದೀವಿ, ಆ ಮೋಟರನ್ನೇ ಮತ್ತೆ ಕೂರಿಸಿಕೊಡಪ್ಪ. ಮದುಮಗನ ಹಾಗೆ ಮಿಂಚ್ತಿದೆ ನೋಡು!"

"ಮದುಮಗನ ವಯಸ್ಸು ಕೇಳಿದ್ರಾ ಅತ್ತಿಗೆ?" ಅವನು ಹ್ಯಾಂಡಲ್ಲಿನ ಕೆಳಗೆ ಕೊಳವೆಗಳು ಕೂಡುವ ಕಡೆ ತೋರಿಸಿದ. "ಇಲ್ಲಿ ಉಗುರು ಆಡಿಸಿ."

ಉಗುರು ಸಿಕ್ಕಿಕೊಂಡಿತು. ಬಣ್ಣದಡಿಯಲ್ಲಿ ಕೂದಲೆಳೆಯಷ್ಟು ಬಿರುಕು.

"ಇದನ್ನ ಬರೀ ತುಳಿಯೋದೇ ಅಪಾಯ. ಅದರ ಮೇಲೆ ಮೋಟರ್, ಬ್ಯಾಟರಿ ಭಾರ ಬೇರೆ, ವೇಗ ಬೇರೆ."

"ಹಾಗಾದ್ರೆ ಮೋಟರೇ ಕೆಟ್ಟದ್ದು ಅನ್ನು."

"ಮೋಟರ್ ಏನೂ ಮಾಡ್ಲಿಲ್ಲ ಅತ್ತಿಗೆ. ಸೈಕಲ್ ಆರಿಸಿದ್ದು ತಪ್ಪಾಯ್ತು. ಫೋರ್ಕ್ 'ಟಪ್' ಅಂದದ್ದು ಕೇಳಿಸಿಕೊಂಡೂ ಸುಮ್ಮನಿದ್ದೆ, ಅದು ನನ್ನ ತಪ್ಪು."

ಅಣ್ಣ ಬೀದಿಯ ಕಡೆ ಮುಖ ತಿರುಗಿಸಿದ.

ಅಂಗಡಿಯವನು ಮೂಲೆಯಿಂದ ಬೇರೊಂದು ಸೈಕಲ್ ತಂದ. ಅದೂ ಯಾರೋ ಓಡಿಸಿ ಬಿಟ್ಟದ್ದೇ. ತಟ್ಟಿದರೆ 'ಟಣ್' ಎಂದಿತು. ಚಕ್ರ ತಿರುಗಿಸಿದರೆ ಓಲಾಡಲಿಲ್ಲ, ಕಡ್ಡಿಗಳೆಲ್ಲ ಬಿಗಿ. ಅತ್ತಿಗೆ ಎರಡೂ ಬ್ರೇಕು ಒಂದೊಂದಾಗಿ ಒತ್ತಿ ತಳ್ಳಿ ನೋಡಿದಳು, ಜಗ್ಗಲಿಲ್ಲ.

"ಕೂತ್ಕೊಳ್ಳಿ. ಪಾದ ನೆಲಕ್ಕೆ ಸಿಗುತ್ತಾ?"

"ಸಿಕ್ತು! ಆ ಹಸಿರು ಸೈಕಲ್ಲಲ್ಲಿ ಇಳಿಯೋಕೆ ಯಾರ ಮನೆ ಜಗಲಿ ಹತ್ತಿರ ಇದೆ ಅಂತ ಹುಡುಕಬೇಕಿತ್ತು."

ಫೋರ್ಕಿನ ತುದಿಗಳು ದಪ್ಪ ಉಕ್ಕಿನವು. ಅವುಗಳ ನಡುವಿನ ಅಂತರ ಅಳೆದ. ಮುಂದಿನ ಚಕ್ರದ ನಡುವೆ ಇರುವ ಮೋಟರಿನ ಅಚ್ಚುಗೋಲು ಸರಿಯಾಗಿ ಕೂರುವಷ್ಟಿತ್ತು. ನಡುಕೊಳವೆಯ ಮೇಲೆ ಬ್ಯಾಟರಿಗೂ ಜಾಗವಿತ್ತು.

ಓದುತ್ತಿರುವ ಅಕ್ಕ ಅಣ್ಣಂದಿರೇ, ಸೈಕಲ್ಲಿಗೆ ಮೋಟರ್ ಹಾಕಿಸುವ ಮುಂಚೆ ಬಣ್ಣವನ್ನೂ ಹಳೆಯ ಮಮತೆಯನ್ನೂ ಬದಿಗಿಡಿ. ಬಿರುಕಿದೆಯೇ, ತುಕ್ಕಿದೆಯೇ, ಬ್ರೇಕು ಹಿಡಿಯುತ್ತದೆಯೇ, ನಿಮ್ಮ ಕಾಲು ನೆಲಕ್ಕೆ ಎಟುಕುತ್ತದೆಯೇ, ಅದನ್ನು ನೋಡಿ. ಅಳತೆ ತೆಗೆಸಿದ ಮೇಲೆಯೇ ಮೋಟರ್ ಕೊಳ್ಳಿ. ಬಲ್ಲವರು ಬೇಡ ಎಂದರೆ ಮುನಿಸಿಕೊಳ್ಳಬೇಡಿ. ಆ ಮಾತು ಆಡಲು ಅವರಿಗೂ ಸುಲಭವಲ್ಲ.

ಅತ್ತಿಗೆ ಹಸಿರು ಸೈಕಲ್ಲಿನಿಂದ ಬಟ್ಟೆಯ ಗಂಟನ್ನು ಬಿಚ್ಚಿ ಈ ಸೈಕಲ್ಲಿನ ಕ್ಯಾರಿಯರಿಗೆ ಕಟ್ಟತೊಡಗಿದಳು. ಅಣ್ಣ ಮಾತ್ರ ಹಸಿರು ಸೈಕಲ್ಲಿನ ಸೀಟನ್ನು ಎಡಗೈಯಿಂದ ಸವರುತ್ತ ನಿಂತಿದ್ದ.

"ಅಪ್ಪ ನಮ್ಮಿಬ್ಬರನ್ನೂ ಇದರ ಮೇಲೇ ಕೂರಿಸ್ಕೊಂಡು ಸುತ್ತಿಸಿದ್ದು ಕಣೋ. ಬಿರುಕಿಗೆ ಬೆಸುಗೆ ಹಾಕಿಸಿ ಮೋಟರ್ ಕೂರಿಸೋಣ. ನಾನು ಹೇಳ್ತಿದ್ದೀನಲ್ಲ, ಹಾಕು."

ಮೊಳೆಯಲ್ಲಿದ್ದ ಫೋರ್ಕನ್ನು ತಮ್ಮ ನೋಡಿದ. ಅಣ್ಣನ ಮಣಿಕಟ್ಟನ್ನು ನೋಡಿದ.

"ಹಾಕಲ್ಲ, ಅಣ್ಣ."