ಹಗುರ ಡಬ್ಬಿ

ಕಂಪ್ಯೂಟರಿಗೆ ಕರೆಂಟ್ ಹೊಡೆದದ್ದು ಎಂದು ರಿಪೇರಿ ಅಂಗಡಿಯ ಬಸವೇಶ ಹೇಳಿಬಿಟ್ಟಿದ್ದ. ಹಗರಿಬೊಮ್ಮನಹಳ್ಳಿಯಲ್ಲಿ ಆ ಮಾತಿಗೆ ಯಾರೂ ಎದುರು ಮಾತಾಡುವುದಿಲ್ಲ. ಮೋಟಾರು ಸುಟ್ಟರೂ ಕರೆಂಟು, ಟಿವಿ ಕೆಟ್ಟರೂ ಕರೆಂಟು. ರಿಪೇರಿ ಅಂಗಡಿಯವರ ಅರ್ಧ ಪಾಪವನ್ನು ಕಂಬದ ಮೇಲಿನ ತಂತಿಯೇ ಹೊತ್ತುಕೊಂಡಿರುತ್ತದೆ. ಸುಟ್ಟ ಕಂಪ್ಯೂಟರ್ ತಂದಿದ್ದ ಮಹಿಳಾ ಸಂಘದ ಸುಮಂಗಲಾ ಕೂಡ ನಂಬಿದಳು. ನಂಬಿ ಹೋದವಳು ಎಂಟು ದಿನ ಬಿಟ್ಟು ಒಂದು ಅರ್ಜಿ ಹಿಡಿದು ಬಂದಳು.

"ಬಸವೇಶಣ್ಣ, ಇದರ ಕೆಳಗ ನೀವೊಂದು ಸಹಿ ಹಾಕ್ರಿ. ವೋಲ್ಟೇಜ್ ಜಾಸ್ತಿ ಬಂದು ಕಂಪ್ಯೂಟರ್ ಸುಟ್ಟೈತಿ ಅಂತ. ರಿಪೇರಿ ಮಾಡಾವರು ಬರದುಕೊಟ್ರ ಕರೆಂಟ್ ಆಫೀಸಿನವರು ಇಲ್ಲ ಅನ್ನಾಕ ಬರಂಗಿಲ್ಲ."

ಅರ್ಜಿ ಲೈನ್‌ಮನ್ ಪಕ್ಕೀರಪ್ಪನ ಮೇಲಿತ್ತು. ದಿನಗೂಲಿಗೆ ಕಂಬ ಹತ್ತುವ ಮನುಷ್ಯ, ಸುಮಂಗಲಾಳ ಕೇರಿಯವನೇ. ಇವನ ಬೇಜವಾಬ್ದಾರಿಯಿಂದ ಸಂಘದ ಕಂಪ್ಯೂಟರ್ ಹಾಳಾಗಿದೆ, ಇವನನ್ನು ಕೆಲಸದಿಂದ ತೆಗೆಯಬೇಕು ಎಂದು ಬರೆದಿತ್ತು. ಬಸವೇಶ ಜೇಬಿನ ಪೆನ್ನು ತೆಗೆದ. ಕ್ಯಾಪು ಬಿಚ್ಚಿದ, ಮತ್ತೆ ಹಾಕಿದ. ಸಂಜೆ ಬಾ ಎಂದು ಹೇಳಿ ಕಳಿಸಿದ.

ಆ ಯಂತ್ರ ಕಟ್ಟಿಕೊಟ್ಟವನು ಅವನೇ. ಎರಡು ಸಾವಿರದ ನಾಲ್ಕರ ಶುರುವಿನಲ್ಲಿ ಸುಮಂಗಲಾ ಬಸ್‌ಸ್ಟ್ಯಾಂಡ್ ಹಿಂದಿನ ಕೋಣೆಯೊಂದರಲ್ಲಿ ಮಹಿಳಾ ಸಂಘದ ಡಿಟಿಪಿ ಕೆಲಸ ತೆರೆದಳು. ಅಗ್ಗದ ಪ್ರೊಸೆಸರೇ ಸಾಕು, ಆದರೆ ಪುಟ ಕಟ್ಟುವಾಗ ನಡುವೆ ನಿಲ್ಲಬಾರದು ಎಂದಳು. ಬಸವೇಶನಿಗೆ ಹುಬ್ಬಳ್ಳಿಯಲ್ಲಿ ಕಲಿತ ವಿದ್ಯೆ ತೋರಿಸುವ ಚಪಲ. ಕಂಪನಿ ಗೊತ್ತುಮಾಡಿದ ವೇಗಕ್ಕಿಂತ ಹೆಚ್ಚು ಓಡುವಂತೆ ಅದರ ಸೆಟಿಂಗ್ ಬದಲಿಸಿದ, ಓವರ್‌ಕ್ಲಾಕ್ ಎನ್ನುತ್ತಾರೆ. ಹಾಗೆ ಓಡಿಸಿದರೆ ಅದು ಹೆಚ್ಚು ಕರೆಂಟ್ ಎಳೆಯುತ್ತದೆ. ಒಳಗೆ ಕರೆಂಟ್ ಹಂಚುವ ಎಸ್‌ಎಂಪಿಎಸ್ ಡಬ್ಬಿ ಗಟ್ಟಿಯದಿರಬೇಕು. ಇದು ಬಸವೇಶನಿಗೆ ಬಾಯಿಪಾಠ.

ಡಬ್ಬಿಯ ಮೇಲಿನ ಚೀಟಿಯನ್ನು ಗೊತ್ತಿದ್ದವರು ನಂಬುವುದಿಲ್ಲ. ಕಂಪ್ಯೂಟರಿನ ಭಾಗಗಳನ್ನೆಲ್ಲ ಕೂರಿಸುವ ಕ್ಯಾಬಿನೆಟ್ಟಿನ ಜೊತೆ ಪುಕ್ಕಟೆ ಬರುವ ಡಬ್ಬಿಗೂ ನಾಲ್ಕುನೂರು ವ್ಯಾಟ್ ಎಂದೇ ಚೀಟಿ ಅಂಟಿರುತ್ತದೆ. ಅದರಲ್ಲಿ ಅರ್ಧ ಕೊಟ್ಟರೆ ಪುಣ್ಯ. ಅದಕ್ಕೇ ಕೈಯಲ್ಲಿ ಎತ್ತಿ ನೋಡಬೇಕು. ಒಳಗೆ ತಾಮ್ರದ ಸುರುಳಿ, ದಪ್ಪ ಅಲ್ಯೂಮಿನಿಯಂ ಇದ್ದರೆ ಕೈ ಜಗ್ಗುತ್ತದೆ. ಇಲ್ಲದಿದ್ದರೆ ಬಿಸ್ಕತ್ತಿನ ಡಬ್ಬಿ. ಬಸವೇಶ ಹುಬ್ಬಳ್ಳಿಯಲ್ಲಿ ಹತ್ತಾರು ಎತ್ತಿ ನೋಡಿ ಭಾರದ ಒಂದನ್ನು ಸುಮಂಗಲಾಳ ಯಂತ್ರಕ್ಕೆಂದೇ ತಂದ.

ಅದೇ ವಾರ ಅವನ ಸೋದರಮಾವ ಪಂಚಾಕ್ಷರಪ್ಪನವರೂ ಒಂದು ಕಂಪ್ಯೂಟರ್ ಹೇಳಿದ್ದರು. ತಂಬ್ರಹಳ್ಳಿ ಗೌಡಿಕೆಯ ಮನೆತನ. ಈಗ ಎಪಿಎಂಸಿ ಯಾರ್ಡಿನಲ್ಲಿ ಮೆಕ್ಕೆಜೋಳದ ದಲಾಲಿ. ಚೀಲದ ಮೂತಿ ಹಿಡಿದು ಎತ್ತಿದರೆ ತೂಕ ಹೇಳುವ ಮನುಷ್ಯ. ಕ್ಯಾಬಿನೆಟ್ಟನ್ನೂ ಎತ್ತದೆ ಬಿಡುವವರಲ್ಲ. ಹಗುರ ಅನ್ನಿಸಿತೋ, ನೆಂಟರ ಪಂಕ್ತಿಯಲ್ಲಿ ಆರು ತಿಂಗಳು ಅಳಿಯನ ಮಾನ ಕಳೆಯುತ್ತಾರೆ. ಆ ಒಂದು ಹೆದರಿಕೆ. ಯಾರೂ ಹೇಳಲಿಲ್ಲ, ಯಾರೂ ಕೇಳಲಿಲ್ಲ. ಬಸವೇಶನ ಕೈ ತಾನಾಗಿಯೇ ಭಾರದ್ದನ್ನು ಮಾವನ ಕ್ಯಾಬಿನೆಟ್ಟಿಗೆ ಕೂರಿಸಿತು. ಮಾವನ ಯಂತ್ರ ದಿನಕ್ಕೆ ನಾಲ್ಕು ಪಟ್ಟಿ ಬರೆದು ಉಳಿದ ಹೊತ್ತೆಲ್ಲ ಹಾಡು ಹೇಳುತ್ತದೆ. ಬೆಳಗಿನಿಂದ ಸಂಜೆಯವರೆಗೆ ಮೈಮುರಿದು ದುಡಿಯುವ ಸುಮಂಗಲಾಳ ಯಂತ್ರಕ್ಕೆ ಪುಕ್ಕಟೆ ಡಬ್ಬಿ. ಕೇರಿಯಿಂದ ಬಂದವಳು ಎತ್ತಿ ನೋಡುವುದಿಲ್ಲ, ಎತ್ತಿದರೂ ಕೇಳುವುದಿಲ್ಲ ಎಂಬುದನ್ನು ಆ ಕೈಗೆ ಯಾರು ಕಲಿಸಿದರು? ಮುಂದಿನ ವಾರ ಬೇರೆ ತಂದು ಬದಲಿಸಿದರಾಯಿತು ಎಂದುಕೊಂಡ. ಆ ವಾರ ಬರಲೇ ಇಲ್ಲ.

ಏಪ್ರಿಲ್ಲಿನ ಒಂದು ಮಧ್ಯಾಹ್ನ ಡಬ್ಬಿ ಢಬ್ ಎಂದಿತು. ಬೋರ್ಡನ್ನೂ ಹಾರ್ಡ್‌ಡಿಸ್ಕನ್ನೂ ಸುಟ್ಟುಹಾಕಿತು. ಅದರೊಳಗೆ ತಂಬ್ರಹಳ್ಳಿಯ ಓಬಮ್ಮನ ಮಾತಿತ್ತು. ಮುತ್ತು ಕಟ್ಟಿ ದೇವರಿಗೆ ಬಿಟ್ಟ ಹೆಣ್ಣು ಅವಳು. ದೇವರಿಗೆ ಬಿಡಿಸಿದವರು ಯಾರು, ಹಗಲಲ್ಲಿ ಅಂಗಳಕ್ಕೂ ಸೇರಿಸದ ಯಾವ ಯಾವ ಮನೆಯ ಗಂಡಸರು ಹೊತ್ತು ಮುಳುಗಿದ ಮೇಲೆ ಗುಡಿಸಲಿನ ಕದ ತಟ್ಟಿದರು ಎಂದು ಹೆಸರು ಹಿಡಿದು ಮೂರು ದಿನ ಕೂತು ಹೇಳಿದ್ದಳು. ಸಂಘ ತರಬೇಕೆಂದಿದ್ದ ಪುಸ್ತಕಕ್ಕೆ. ಕಾಗದದ ಮೇಲೆ ಬರೆಯಬೇಡ, ಕಾಗದ ಊರಿನ ಕೈಗೆ ಬೀಳುತ್ತದೆ, ಆ ಪೆಟ್ಟಿಗೆಯೊಳಗೇ ಇಡು ಎಂದು ಸುಮಂಗಲಾಳಿಂದ ಆಣೆ ಮಾಡಿಸಿಕೊಂಡಿದ್ದಳು. ಸುಟ್ಟ ಮೇಲೆ ಎಷ್ಟು ಕೇಳಿದರೂ ಓಬಮ್ಮ ಮತ್ತೆ ಬಾಯಿ ಬಿಟ್ಟಿರಲಿಲ್ಲ.

ಅರ್ಜಿ ಬಂದ ದಿನ ಇಳಿಹೊತ್ತಿಗೆ ಬಸವೇಶ ಯಾರ್ಡಿಗೆ ಹೋದ. ಮಾವನ ಕ್ಯಾಬಿನೆಟ್ ಬಿಚ್ಚಿ ಡಬ್ಬಿ ತೆಗೆದ. ಚೆನ್ನಾಗಿರೋದನ್ನ ಯಾಕೆ ಕೆಡಿಸ್ತೀಯಲೇ ಎಂದು ಮಾವ ಕೇಳಿದರು. ಇದು ನಿಮ್ಮದಲ್ಲ ಮಾವ ಎಂದಷ್ಟೇ ಹೇಳಿ ಬಂದ. ಸುಮಂಗಲಾ ಅಂಗಡಿಯ ಬಾಗಿಲಲ್ಲಿ ಕಾಯುತ್ತಿದ್ದಳು. ಸುಟ್ಟ ಡಬ್ಬಿಯನ್ನೂ ಇದನ್ನೂ ಅವಳ ಮುಂದಿಟ್ಟ. ಎತ್ತಿ ನೋಡು ಎಂದ.

ಅವಳು ಒಂದೊಂದು ಕೈಯಲ್ಲಿ ಒಂದೊಂದು ಎತ್ತಿದಳು.

"ಇದು ನಮ್ಮದು," ಎಂದಳು ಸುಟ್ಟದ್ದನ್ನು ನೋಡಿ. "ಈ ವಜ್ಜಿದು ಯಾರದು?"

"ಅದೂ ನಿಂದ. ನಿನಗಂತ ತಂದು ನಮ್ಮ ಮಾವಗ ಹಾಕಿದ್ದೆ. ಕರೆಂಟಿಂದಲ್ಲ ಸುಮಂಗಲಾ, ನಂದು ತಪ್ಪು."

ಅವಳು ಬಯ್ಯಲಿಲ್ಲ. ಬೈದಿದ್ದರೆ ಅವನಿಗೆ ಹಗುರವಾಗುತ್ತಿತ್ತು. ಎರಡೂ ಡಬ್ಬಿಗಳನ್ನು ಟೇಬಲ್ಲಿನ ಮೇಲಿಟ್ಟಳು.

"ತೂಕ ನಿಮ್ಮ ಮಾವಗಷ್ಟ ಗೊತ್ತಾಗತೈತಿ ಅನ್ಕೊಂಡ್ರಿ. ಅವರು ಬರೇ ಮೂತಿ ಹಿಡದು ನೋಡ್ತಾರ. ಆ ಚೀಲ ಹೊರಾವ ನಮ್ಮಪ್ಪ ಭೀಮರಾಜ. ನಮ್ಮ ಮನ್ಯಾಗ ಸಣ್ಣ ಹುಡುಗ್ರಿಗೂ ತೂಕ ಗೊತ್ತೈತಿ. ನೀವು ನಂಬಿಗಸ್ತರು ಅಂತ ನಾನು ಎತ್ತಿ ನೋಡಲಿಲ್ಲ." ಸ್ವಲ್ಪ ತಡೆದು ಅಂದಳು, "ಪಕ್ಕೀರಪ್ಪನ ಹೇಂತಿ ನಿನ್ನೆ ನಮ್ಮ ಕಟ್ಟಿಮ್ಯಾಲ ಕುಂತು ಅತ್ತು ಹೋಗ್ಯಾಳ. ನಾನು ಆಕಿ ಮಾರಿ ಸೈತ ನೋಡಲಿಲ್ಲ."

ಅರ್ಜಿಯನ್ನು ನಾಲ್ಕು ತುಂಡು ಮಾಡಿದಳು. ಪಕ್ಕೀರಪ್ಪನ ಮನೆಗೆ ತಾನು ಹೋಗುವುದಾಗಿಯೂ, ಓಬಮ್ಮನ ಮುಂದೆ ಈ ಮಾತನ್ನು ಅವನೇ ಹೇಳಬೇಕೆಂದೂ ಹೇಳಿದಳು.

ಮರುದಿನ ಬೆಳಿಗ್ಗೆಯ ಬಸ್ಸಿಗೆ ಇಬ್ಬರೂ ತಂಬ್ರಹಳ್ಳಿಗೆ ಹೋದರು. ಓಬಮ್ಮ ಅಂಗಳದಲ್ಲಿ ಮೊರ ಹಿಡಿದು ಕೇರುತ್ತ ಕೂತಿದ್ದಳು. ಬಸವೇಶ ನಿಂತೇ ಎಲ್ಲವನ್ನೂ ಹೇಳಿದ. ಯಂತ್ರದ ಮಾತು ಅವಳಿಗೆ ಎಷ್ಟು ತಿಳಿಯಿತೋ. ಅವಳು ಕೇಳಿದ್ದು ಒಂದೇ, ಗಟ್ಟಿದು ಯಾರ ಮನೆಗೆ ಹೋಗಿತ್ತು ಎಂದು. ಮಾವನ ಹೆಸರು ಹೇಳಿದ. ಮೊರ ನಿಂತಿತು.

"ಅವರ ಅಪ್ಪ ನಿಮಗ ಏನಾಗಬೇಕು?"

"ತಾಯಿ ಕಡೆ ತಾತ."

"ಅವರ ಹೆಸರು ಎಲ್ಲಾರಿಗಿಂತ ಮೊದಲು ಬರಿಸಿದ್ದೆ ಯಪ್ಪಾ."

ಸುಮಂಗಲಾ ನೆಲ ನೋಡಿದಳು. ಅವಳಿಗೆ ಅದು ಗೊತ್ತಿತ್ತು. ಟೈಪು ಮಾಡಿದವಳು ಅವಳೇ. ಗೊತ್ತಿದ್ದೂ ಇಷ್ಟು ದಿನ ಅವನನ್ನು ಅಣ್ಣ ಎಂದಿದ್ದಳು. ಬಸವೇಶನಿಗೆ ತಾತನ ಫೋಟೋಕ್ಕೆ ದಿನಾ ಹೂ ಹಾಕುವ ತಾಯಿ ನೆನಪಾದಳು.

ಓಬಮ್ಮ ಮೊರ ಪಕ್ಕಕ್ಕಿಟ್ಟು ಸೆರಗಿನಿಂದ ಮುಖ ಒರೆಸಿಕೊಂಡಳು.

"ಇನ್ನೊಮ್ಮಿ ಹೇಳ್ತೀನಿ. ಪೆಟ್ಟಿಗಿ ಬ್ಯಾಡ, ಈಕಿನೂ ಬ್ಯಾಡ. ಕಾಗದದ ಮ್ಯಾಲ, ನಿಮ್ಮ ಕೈಲೆ ಬರೀರಿ. ಕೆಳಗ ನಿಮ್ಮ ಹೆಸರೂ ಹಾಕ್ರಿ."

ಸುಮಂಗಲಾ ತನ್ನ ಚೀಲದಿಂದ ನೋಟ್‌ಬುಕ್ ತೆಗೆದು ಕೊಟ್ಟಳು. ಬಸವೇಶ ನೆಲದ ಮೇಲೆ ಕೂತು ಪೆನ್ನಿನ ಕ್ಯಾಪು ಬಿಚ್ಚಿದ. ಓಬಮ್ಮ ಮೊದಲ ಹೆಸರು ಹೇಳಿದಳು. ಅವನ ಕೈ ತಡೆಯಿತು. ಅವಳು ಅವಸರ ಮಾಡಲಿಲ್ಲ, ಮತ್ತೊಮ್ಮೆ ಹೇಳಲೂ ಇಲ್ಲ. ಅವನು ಬರೆಯುವವರೆಗೂ ಕಾದಳು.