ನಡುವಿನ ವಾಚು

ಆರ್ಡಿಸ್ ಸ್ಟಾಪ್‌ವಾಚನ್ನು ಅಂಗೈಯೊಳಗೆ ಮುಚ್ಚಿಕೊಂಡಳು. 47.31. ಹಾಳಾದ್ದು, ಆ ಕೊನೆಯ ಒಂದು ಎಲ್ಲಿಂದ ವಕ್ಕರಿಸಿತು!

ಬೆಳಿಗ್ಗೆ ಗಾಳಿಗೆ ಓಟದ ಸಮಯ ಅಳೆಯುವ ಕ್ಯಾಮೆರಾದ ಕಂಬ ಉರುಳಿತ್ತು. ನಾರ್ತ್ ಡಕೋಟದ ಮೇ ತಿಂಗಳಲ್ಲಿ ಅದೇನು ಹೊಸದಲ್ಲ. ಹಾಗಾಗಿ ಶಾಲೆಗಳ ಕೋಚುಗಳೇ ಗೆರೆಯ ಬಳಿ ವಾಚು ಹಿಡಿದು ನಿಂತಿದ್ದರು. ಓಡುವ ಒಬ್ಬೊಬ್ಬ ಹುಡುಗಿಗೂ ಮೂರು ವಾಚು, ಲೆಕ್ಕಕ್ಕೆ ನಡುವಿನದು. ಕೊನೆಯ ಅಂಕಿ ಸೊನ್ನೆಯಲ್ಲದಿದ್ದರೆ ಸೆಕೆಂಡಿನ ಮುಂದಿನ ಹತ್ತನೇ ಪಾಲಿಗೆ ಏರಿಸಬೇಕು. ಕೈಯಿಂದ ಒತ್ತುವ ವಾಚು ತಡವಾಗಿ ಶುರುವಾಗುತ್ತದೆಂದು 0.24 ಬೇರೆ ಕೂಡಿಸಬೇಕು. 47.30 ಆಗಿದ್ದರೆ 47.54. 47.31 ಆದರೆ 47.40ಕ್ಕೆ ಏರಿ, 47.64.

ರಾಜ್ಯಮಟ್ಟದ ಕೂಟಕ್ಕೆ ಹೋಗಲು ಮಿತಿ 47.60.

ಆರ್ಡಿಸ್ ತರಬೇತಿ ಕೊಟ್ಟ ಮಾರ್ನಿಗೆ ಇದು ಶಾಲೆಯ ಕೊನೆಯ ವರ್ಷ, ಆ ಮಿತಿ ಮುಟ್ಟಲು ಇದೇ ಕೊನೆಯ ಹರ್ಡಲ್ ಓಟ. ಆದರೆ ಆ ಮಿತಿಯನ್ನು ಇಟ್ಟವಳು ಆರ್ಡಿಸ್‌ಳೇ. ಕಳೆದ ಐದು ವರ್ಷ ರಾಜ್ಯಕೂಟದಲ್ಲಿ ಎಂಟನೆಯವರಾಗಿ ಬಂದವರ ಸರಾಸರಿ 47.82; ಕೋಚುಗಳ ಸಮಿತಿಯ ಚಳಿಗಾಲದ ಸಭೆಯಲ್ಲಿ ಅದನ್ನೇ ಮಿತಿಯಾಗಿ ಇಡುವ ಮಾತಿತ್ತು. "ಕೂಟದ ಟೀ ಶರ್ಟ್ ಕೊಳ್ಳೋಕಷ್ಟೇ ಬರೋರಿಗೆಲ್ಲ ಜಾಗ ಯಾಕ್ರೀ? ಬಿಗಿ ಮಾಡಿ" ಎಂದು ಮೇಜು ಕುಟ್ಟಿ 47.60ಕ್ಕೆ ಇಳಿಸಿದ್ದಳು. ಎಲ್ಲರೂ ತಲೆಯಾಡಿಸಿದ್ದರು.

ಅಂಕಿ ಬರೆದುಕೊಳ್ಳುವ ಡುವೇನ್ ಹಲಗೆ, ಪೆನ್ಸಿಲ್ ಹಿಡಿದು ಬಂದ. ಮಾರ್ನಿಗೆ ವಾಚು ಹಿಡಿದಿದ್ದ ಉಳಿದ ಇಬ್ಬರು ಆಗಲೇ ಹೇಳಿದ್ದರು: 47.22, 47.45.

"ನಿಂದೆಷ್ಟು ಆರ್ಡಿಸ್? ಏನು, ಬಾಯಿ ಬಿದ್ದೋಯ್ತಾ?"

ವಾಚನ್ನು ಯಾರೂ ನೋಡಿರಲಿಲ್ಲ. ಗುಂಡಿ ಒತ್ತಿದರೆ ಎಲ್ಲ ಸೊನ್ನೆ. ಅವಳ ಹೆಬ್ಬೆರಳು ಗುಂಡಿಯ ಮೇಲೆಯೇ ಇತ್ತು, ಬೆವರಿನಿಂದ ಜಾರುತ್ತಿತ್ತು.

"ಮೂವತ್..." ಎಂದು ತಡೆದಳು. "ಮೂವತ್ತೊಂದು."

"ಛೇ!" ಎಂದ ಡುವೇನ್. ಬರೆದುಕೊಂಡ.

ಮೊಣಕಾಲ ಮೇಲೆ ಕೈಯೂರಿ ಏದುಸಿರು ಬಿಡುತ್ತಿದ್ದ ಮಾರ್ನಿ ಎದ್ದು ಓಡಿಬಂದಳು. "ಕೋಚ್, ಆಯ್ತಾ?"

"ಇಲ್ಲ ಕಣೇ. ಅರವತ್ನಾಲ್ಕು."

"ನಾಲ್ಕೇ ನಾಲ್ಕು ಜಾಸ್ತೀನಾ?" ಮಾರ್ನಿ ನಗಲು ನೋಡಿದಳು. "ಯಾವ ಪುಣ್ಯಾತ್ಮರು ಇಟ್ರು ಕೋಚ್, ಈ ಅರವತ್ತು?"

ಸಮಿತಿ ಎನ್ನಬಹುದಿತ್ತು. ಅದೇನು ಸುಳ್ಳೂ ಅಲ್ಲ.

"ನಾನು," ಎಂದಳು ಆರ್ಡಿಸ್. "ಅದು ಎಂಬತ್ತರ ಮೇಲಿತ್ತು. ನಾನೇ ಇಳಿಸಿದ್ದು."

ಮಾರ್ನಿ ಅವಳ ಮುಖವನ್ನೇ ನೋಡಿದಳು. ಮುಂದಿನ ಓಟಕ್ಕೆ ಹರ್ಡಲ್ ತೆಗೆದು ದಾರಿ ಬಿಡಿಸಿ ಎಂದು ಮೈಕಿನಲ್ಲಿ ಕೂಗುತ್ತಿದ್ದರು. ಮಾರ್ನಿ ಹೋಗಿ ಹರ್ಡಲ್ ಒಂದನ್ನು ಎತ್ತಿದಳು. ಆರ್ಡಿಸ್ ಅದರ ಇನ್ನೊಂದು ತುದಿಗೆ ಕೈಹಾಕಿದಳು. ಮಾರ್ನಿ ಅದನ್ನು ಅವಳ ಕೈಯಲ್ಲೇ ಬಿಟ್ಟು, ಪಕ್ಕದ ಸಾಲಿನ ಹರ್ಡಲ್ ಎತ್ತಿಕೊಂಡು ನಡೆದಳು.